ಕತ್ತಿಯಿಂದ ಕಂದಾಯದವರೆಗೆ

ಫ್ಯಾಂಟಸಿ ಕಾದಂಬರಿ ಎಂದೊಡನೆ ಟೋಲ್ಕಿನ್ನನ ಕಾಡು, ಗುಡ್ಡ, ಉತ್ತರ ಯುರೋಪಿನ ಮಂಜು ಕಣ್ಣಿಗೆ ಕಟ್ಟುತ್ತವೆ. 1954–55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಹಾಕಿಕೊಟ್ಟ ದಾರಿ ಅದು. ರೋಮನ್ನು ಹೋಲುವ ಲೋಕಗಳ ಕವಲು ಬಲಿತದ್ದು ತಡವಾಗಿ, ಅದೂ ಸೈನ್ಯದ ಆಕರ್ಷಣೆಯಿಂದ. ಬೈಜಾಂಟೈನ್ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ಹ್ಯಾರಿ ಟರ್ಟಲ್‌ಡವ್ 1987ರ ‘ದಿ ಮಿಸ್‌ಪ್ಲೇಸ್ಡ್ ಲೀಜನ್’ನಲ್ಲಿ ಸೀಸರನ ಕಾಲದ ಸೈನಿಕರನ್ನು ಮಾಂತ್ರಿಕ ಕತ್ತಿಗಳೆರಡರ ತಾಕಲಾಟದ ನೆಪದಲ್ಲಿ ಬೇರೊಂದು ಲೋಕಕ್ಕೆ ಎಸೆದರು. ಜಿಮ್ ಬುಚರ್ ಅವರ ‘ಕೋಡೆಕ್ಸ್ ಅಲೆರಾ’ (2004–09, ಆರು ಸಂಪುಟ) ಹುಟ್ಟಿದ್ದು ಒಂದು ಪಂಥದಿಂದ: ಕಳೆದುಹೋದ ರೋಮನ್ ಪಡೆ ಮತ್ತು ಪೋಕಿಮಾನ್, ಈ ಎರಡು ಸವಕಲು ಸರಕುಗಳನ್ನು ಬೆರೆಸಿ ಕಥೆ ಕಟ್ಟಬೇಕೆಂಬುದು. ತಮಾಷೆಯ ಹುಟ್ಟು, ಆದರೆ ಫಲ ಗಟ್ಟಿ. ಎಲ್ಲರಿಗೂ ಪ್ರಕೃತಿಶಕ್ತಿಗಳ ಬಲ ಒಲಿದಿರುವ ನಾಡಿನಲ್ಲಿ ಅದಿಲ್ಲದ ಹುಡುಗನೊಬ್ಬನನ್ನು ನಿಲ್ಲಿಸಿದಾಗ ಮಂತ್ರಶಕ್ತಿ ಸಾಮಾಜಿಕ ಅಂತಸ್ತಿನ ಅಳತೆಗೋಲಾಯಿತು. ನನ್ನ ವಾದವೂ ಇದೇ. ಈ ಕವಲು ರೋಮಿನ ಕತ್ತಿಯನ್ನು ಬಿಟ್ಟು ಅದರ ಕಂದಾಯದತ್ತ, ಅಂದರೆ ವ್ಯವಸ್ಥೆಯ ಬೆಲೆಯನ್ನು ಯಾರು ತೆರುತ್ತಾರೆಂಬ ಪ್ರಶ್ನೆಯತ್ತ, ಸರಿದಷ್ಟೂ ಪ್ರೌಢವಾಗಿದೆ.

ಜೇಮ್ಸ್ ಇಸ್ಲಿಂಗ್‌ಟನ್ನರ ‘ದಿ ವಿಲ್ ಆಫ್ ದ ಮೆನಿ’ (2023) ಈ ಪ್ರಶ್ನೆಯನ್ನೇ ಕಥೆಯ ಯಂತ್ರವಾಗಿಸಿತು. ಅಲ್ಲಿನ ಗಣರಾಜ್ಯದಲ್ಲಿ ಕೆಳಗಿನವರು ತಮ್ಮ ಇಚ್ಛಾಶಕ್ತಿಯ ಪಾಲನ್ನು ಮೇಲಿನವರಿಗೆ ಒಪ್ಪಿಸುತ್ತಾರೆ. ಮೇಲೇರಿದಂತೆ ಬಲ ಬೆಳೆಯುತ್ತದೆ, ಬುಡದಲ್ಲಿ ದಣಿವು ಉಳಿಯುತ್ತದೆ. ಸೋತ ರಾಜ್ಯದ ರಾಜಕುಮಾರ ವಿಸ್ ಆ ಪಾಲನ್ನು ಕೊಡಲೊಪ್ಪುವುದಿಲ್ಲ, ಆದರೂ ಆ ಗಣರಾಜ್ಯದ ಶಾಲೆಯನ್ನು ಸೇರುತ್ತಾನೆ. ಇಷ್ಟಕ್ಕೆ ಅಷ್ಟು ದಪ್ಪ ಪುಸ್ತಕ ಬೇಕೆ, ನಡುಭಾಗ ಬರೀ ಶಾಲೆಯ ಕಥೆಯಲ್ಲವೆ ಎಂಬ ಆಕ್ಷೇಪವಿದೆ. ಕೆಲವು ಅಧ್ಯಾಯಗಳು ಜಗ್ಗುತ್ತವೆ, ನಿಜ. ಆದರೆ ಸಾಮ್ರಾಜ್ಯವೊಂದು ತನ್ನ ವಾರಸುದಾರರನ್ನು ತಯಾರಿಸುವುದು ತರಗತಿಯಲ್ಲೇ. ವಿರೋಧಿಸಬಂದವನಿಗೂ ಅಲ್ಲಿನ ಗೆಲುವು ಸಿಹಿಯಾಗತೊಡಗುವುದು ದಿನಗಟ್ಟಲೆ ಓದಿದಾಗ ಮೈಗೆ ಹತ್ತುತ್ತದೆ, ಸಾರಾಂಶದಲ್ಲಿ ಹತ್ತುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ರೋಮ್ ಬೇಕಿದ್ದರೆ ಐತಿಹಾಸಿಕ ಕಾದಂಬರಿ ಓದಬಹುದಲ್ಲ? ಉತ್ತರ ಗಯ್ ಗೇವ್ರಿಯಲ್ ಕೇ ಅವರ ‘ಸರಾಂಟೈನ್ ಮೊಸಾಯಿಕ್’ ಜೋಡಿಯಲ್ಲಿದೆ (1998, 2000). ಅಲ್ಲಿನ ಚಕ್ರವರ್ತಿ ದಂಪತಿ ಪೂರ್ವ ರೋಮನ್ (ಬೈಜಾಂಟೈನ್) ಸಾಮ್ರಾಜ್ಯದ ಜಸ್ಟಿನಿಯನ್–ಥಿಯೊಡೋರಾರ ಪ್ರತಿರೂಪ. ಕಟ್ಟುತ್ತಿರುವ ಗುಡಿ ಹಾಗಿಯಾ ಸೋಫಿಯಾದ ಪ್ರತಿರೂಪ. ಚರಿತ್ರೆಯ ಜಸ್ಟಿನಿಯನ್ 565ರಲ್ಲಿ ಮುಪ್ಪಿನಲ್ಲಿ ತೀರಿಕೊಂಡ. ಕೇ ಅವರ ಚಕ್ರವರ್ತಿ ಕೊಲೆಯಾಗುತ್ತಾನೆ. (ಕುತೂಹಲ ಕೆಡಿಸಿದ್ದಕ್ಕೆ ಓದದವರು ಕ್ಷಮಿಸಬೇಕು.) ಇತಿಹಾಸ ಬಲ್ಲ ಓದುಗನ ಭರವಸೆ ಅಲ್ಲಿ ಕುಸಿಯುತ್ತದೆ, ಆ ಕಾಲದವರಂತೆಯೇ ಅವನೂ ನಾಳೆಯನ್ನರಿಯದೆ ಪುಟ ತಿರುಗಿಸಬೇಕಾಗುತ್ತದೆ.

ಕೇ ಇನ್ನೊಂದು ಕಾರಣಕ್ಕೂ ಎತ್ತರದಲ್ಲಿದ್ದಾರೆ. ಬುಚರರ ಬಲಹೀನ ಹುಡುಗ ಕೊನೆಗೆ ರಾಜವಂಶದವನೇ ಆಗುತ್ತಾನೆ, ವಿಸ್ ಹುಟ್ಟಿನಿಂದಲೇ ರಾಜಕುಮಾರ. ಸಬಾ ತಾಹಿರ್ ‘ಆ್ಯನ್ ಎಂಬರ್ ಇನ್ ದ ಆ್ಯಶಸ್’ನಲ್ಲಿ (2015) ಅರ್ಧ ಕಥೆಯನ್ನು ಗುಲಾಮಳಾಗಿ ದುಡಿಯುವ ಹುಡುಗಿಯ ಬಾಯಿಂದ ಹೇಳಿಸಿದರೂ ಉಳಿದರ್ಧ ಆಳುವ ವರ್ಗದ ಯೋಧನದ್ದು. ಕೇ ಅವರ ನಾಯಕನಾದರೋ ಗಾಜಿನ ಚೂರು ಜೋಡಿಸುವ ಕುಶಲಕರ್ಮಿ. ಅವನ ಸುತ್ತ ರಥ ಓಡಿಸುವವನೂ ಅಡುಗೆಯವನೂ ಇದ್ದಾರೆ. ಅವನಿಗೆ ಯಾವ ಸಿಂಹಾಸನವೂ ಕಾದಿಲ್ಲ.