ಕೊನೆಯ ಹತ್ತು ನಿಮಿಷದಲ್ಲಿ ಯಾರು ಸಾಯ್ತಾರೆ? ಪ್ರೇಮಚಿತ್ರಗಳ ‘ಶಾಕಿಂಗ್’ ಕ್ಲೈಮ್ಯಾಕ್ಸ್ ಬಗ್ಗೆ ಒಂದು ಕೈಪಿಡಿ

ಮೊದಲೇ ಹೇಳಿಬಿಡ್ತೀನಿ: ಈ ಬರಹದಲ್ಲಿ ಒಂದಿಷ್ಟು ಸಿನಿಮಾಗಳ ಕ್ಲೈಮ್ಯಾಕ್ಸ್ ಬಯಲಾಗಿದೆ. ನೋಡದವರು ನೋಡಿಕೊಂಡು ಬನ್ನಿ, ಬರಹ ಎಲ್ಲೂ ಹೋಗಲ್ಲ.

2007ರಲ್ಲಿ ‘ಚೆಲುವಿನ ಚಿತ್ತಾರ’ ಬಂದಾಗ ನಾನು ಚಳ್ಳಕೆರೆಯಲ್ಲಿ ಪಿಯುಸಿ ಓದ್ತಿದ್ದೆ. ‘ಮುಂಗಾರು ಮಳೆ’ಯ ಗಣೇಶ್ ಹೊಸ ಸಿನಿಮಾ ಅಂದ್ರೆ ಕೇಳಬೇಕಾ, ಕ್ಲಾಸಿಗೆ ಚಕ್ಕರ್ ಹಾಕಿ ಇಡೀ ಬೆಂಚು ಥಿಯೇಟರಿಗೆ ಹೋಗಿತ್ತು. ಗ್ಯಾರೇಜ್ ಹುಡುಗ, ಅನುಕೂಲಸ್ಥರ ಮನೆ ಹುಡುಗಿ. ಇಬ್ಬರೂ ಓಡಿಹೋಗ್ತಾರೆ, ಸಿಕ್ಕಿಬೀಳ್ತಾರೆ. ಅವಳಿಗೆ ಬೇರೆ ಮದುವೆ ಆಗುತ್ತೆ. ಕಡೆಗೊಂದು ದಿನ ಅವನು ಬೀದಿಯಲ್ಲಿ ಹುಚ್ಚನಾಗಿ ಅವಳ ಕಣ್ಣಿಗೆ ಬೀಳ್ತಾನೆ. 2004ರ ತಮಿಳಿನ ‘ಕಾದಲ್’ ಚಿತ್ರದ ರೀಮೇಕು ಅದು ಅಂತ ನಮಗಾಗ ಗೊತ್ತಿರಲಿಲ್ಲ. ಅಲ್ಲೀವರೆಗೂ ಶಿಳ್ಳೆ ಹೊಡೀತಿದ್ದ ಥಿಯೇಟರ್ ಗಪ್‌ಚುಪ್ ಆಯ್ತು. ಹೊರಗೆ ಬಂದಮೇಲೆ ಗೆಳೆಯನೊಬ್ಬ, ‘ಲೇ, ಇದನ್ನ ಟ್ವಿಸ್ಟ್ ಅಂತೀರೇನ್ರೋ, ಇದು ನಮ್ ಓಣ್ಯಾಗೆ ದಿನಾ ಐತೆ’ ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಅದೇ ವರ್ಷ ನಮ್ಮ ಸೆಕ್ಷನ್ನಿನ ಒಬ್ಬ ಹುಡುಗಿ ಕಾಲೇಜಿಗೆ ಬರೋದು ನಿಂತುಹೋಯ್ತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನ ಜೊತೆ ಮಾತಾಡ್ತಿದ್ದಳು ಅಂತ ಯಾರೋ ಅವರಪ್ಪನ ಕಿವಿಗೆ ಹಾಕಿದ್ದರು. ಯುಗಾದಿ ಹೊತ್ತಿಗೆ ಅವಳ ಮದುವೆಯೇ ಆಗಿಹೋಗಿತ್ತು. ಅವಳು ಪಾಸಾಗಿದ್ದಳಾ ಅಂತಲೂ ನಾವ್ಯಾರೂ ಕೇಳಲಿಲ್ಲ.

ಟ್ವಿಸ್ಟ್ ಅಂದ್ರೆ ಏನು?

ದುಃಖಾಂತ ಬೇರೆ, ಟ್ವಿಸ್ಟ್ ಬೇರೆ. ದುಃಖಾಂತದಲ್ಲಿ ಹೀಗೇ ಆಗುತ್ತೆ ಅಂತ ಪ್ರೇಕ್ಷಕನಿಗೆ ಒಳಗೊಳಗೇ ಗೊತ್ತಿರುತ್ತೆ, ಆಗದಿರಲಿ ಅಂತ ಬೇಡಿಕೊಳ್ತಿರ್ತಾನೆ. ಟ್ವಿಸ್ಟ್‌ನಲ್ಲಿ ಒಂದು ಮಾಹಿತಿಯನ್ನು ಬೇಕಂತಲೇ ಮುಚ್ಚಿಟ್ಟು, ಎರಡು ಗಂಟೆ ಆದಮೇಲೆ ಮುಖಕ್ಕೆ ಎರಚಲಾಗುತ್ತೆ. ಇಂಜಿನಿಯರಿಂಗ್ ಓದಿದ ಚಾಳಿ, ನನಗಿದು ಹೀಗೆ ಕಾಣುತ್ತೆ: ಲೆಕ್ಕದಲ್ಲಿ ಒಂದು ಸಂಖ್ಯೆಯನ್ನೇ ಕೊಡದೆ ಉತ್ತರ ಹೇಳಿದರೆ ಯಾರಿಗಾದರೂ ಆಶ್ಚರ್ಯ ಆಗೇ ಆಗುತ್ತೆ. ನಮ್ಮ ಪ್ರೇಮಚಿತ್ರಗಳು ಹೀಗೆ ಮುಚ್ಚಿಡುವ ಸಂಖ್ಯೆ ಹೆಚ್ಚಿನ ಸಲ ಜಾತಿ. ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಐದು ನಿಮಿಷದಲ್ಲೇ ‘ನೀವು ಏನು ಜನ?’ ಅನ್ನೋ ಪ್ರಶ್ನೆ ಬರುತ್ತೆ. ಸಿನಿಮಾದ ನಾಯಕ ನಾಯಕಿಯರಿಗೆ ಮಾತ್ರ ಇಂಟರ್ವಲ್‌ವರೆಗೂ ಅದನ್ನು ಯಾರೂ ಕೇಳಲ್ಲ.

ಜಾತಿಯ ಗೊಡವೆಯೇ ಇಲ್ಲದ ಟ್ವಿಸ್ಟ್‌ಗಳೂ ಇವೆ. ‘ಲವ್ ಮಾಕ್‌ಟೇಲ್’ ಮತ್ತು ‘ದಿಯಾ’ 2020ರಲ್ಲಿ ಒಂದು ವಾರದ ಅಂತರದಲ್ಲಿ ತೆರೆಕಂಡವು. ಒಂದರಲ್ಲಿ ಕ್ಯಾನ್ಸರ್, ಇನ್ನೊಂದರಲ್ಲಿ ಸತ್ತನೆಂದುಕೊಂಡ ಪ್ರೇಮಿ ವಾಪಸ್ ಬರ್ತಾನೆ. ‘ದಿಯಾ’ ಥಿಯೇಟರಿನಲ್ಲಿ ಬೇಗ ಎತ್ತಂಗಡಿಯಾಗಿ, ಲಾಕ್‌ಡೌನ್ ಸಮಯದಲ್ಲಿ ಮೊಬೈಲ್‌ನಲ್ಲಿ ಗೆದ್ದಿತು. ಇವುಗಳಲ್ಲಿ ಖಳ ಅಂತ ಇದ್ದರೆ ವಿಧಿ. ಅತ್ತು ಕಣ್ಣೊರೆಸಿಕೊಂಡು ಮಲಗಬಹುದು, ಹಾಗಾಗಿ ಇವನ್ನು ಇಲ್ಲಿಗೇ ಬಿಡ್ತೀನಿ.

ದುರ್ಗದ ಬೆಟ್ಟದ ಮೇಲೆ

ಕನ್ನಡದಲ್ಲಿ ಯುವಪ್ರೇಮದ ಶಾಕಿಂಗ್ ಕೊನೆ ಅಂದರೆ 1972ರ ‘ನಾಗರಹಾವು’. ಚಳ್ಳಕೆರೆಯಿಂದ 30 ಕಿಲೋಮೀಟರ್ ಆಸುಪಾಸಿನ ಚಿತ್ರದುರ್ಗದ ಕೋಟೆಯಲ್ಲಿ ನಡೆಯುವ ಕಥೆ. ಮೂಲ ಕಾದಂಬರಿಗಳ ಲೇಖಕ ತ.ರಾ.ಸು. ಅವರ ಹೆಸರಿನ ‘ತ’ ಅಂದರೆ ತಳಕು, ನಮ್ಮ ಚಳ್ಳಕೆರೆ ತಾಲ್ಲೂಕಿನ ಊರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಅದನ್ನು ನೋಡಿದ ತ.ರಾ.ಸು., ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದಿದ್ದರಂತೆ. ಆ ಮಾತು ಇವತ್ತಿಗೂ ನಮ್ಮ ಕಡೆ ಓಡಾಡುತ್ತೆ.

ಆ ಸಿನಿಮಾದ ಕೊನೆ ನೆನಪಿದೆಯಲ್ಲ? ಬೆಟ್ಟದ ಮೇಲೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಕೈಯಿಂದಲೇ ಬಿದ್ದು ಸಾಯ್ತಾರೆ, ಆಮೇಲೆ ರಾಮಾಚಾರಿ, ಮಾರ್ಗರೇಟ್ ಇಬ್ಬರೂ ಅದೇ ಪ್ರಪಾತಕ್ಕೆ ಹಾರ್ತಾರೆ. ಎಲ್ಲರೂ ಇದನ್ನೇ ಕ್ಲೈಮ್ಯಾಕ್ಸ್ ಅಂತಾರೆ. ನನ್ನ ಪ್ರಕಾರ ಸಿನಿಮಾದ ನಿಜವಾದ ಆಘಾತ ಅದಕ್ಕೂ ಮುಂಚೆಯೇ ಬಂದುಹೋಗಿರುತ್ತೆ. ಅಲಮೇಲು ಮತ್ತು ರಾಮಾಚಾರಿಯ ಜಾತಿ ಬೇರೆ, ಹಾಗಾಗಿ ತ್ಯಾಗ ಮಾಡು ಅಂತ ಮೇಷ್ಟ್ರು ಶಿಷ್ಯನನ್ನು ಒಪ್ಪಿಸ್ತಾರೆ. ಅಲಮೇಲುವಿಗೆ ಬೇರೆ ಮದುವೆಯಾಗುತ್ತೆ. ಮುಂದೆ ರಾಮಾಚಾರಿಗೆ ಅವಳು ಮತ್ತೆ ಸಿಗೋದು ಮೈ ಮಾರಿಕೊಂಡು ಬದುಕುವ ಸ್ಥಿತಿಯಲ್ಲಿ. ಜಾತಿ ಉಳಿಸಲು ಮಾಡಿಸಿದ ತ್ಯಾಗದ ಬೆಲೆ ಕಟ್ಟಿದ್ದು ಅವಳು. ಐವತ್ತು ವರ್ಷಗಳಿಂದ ನಾವು ಗುರು-ಶಿಷ್ಯರ ಸಂಬಂಧಕ್ಕೆ ಕಣ್ಣೀರು ಹಾಕ್ತಾ ಬಂದಿದ್ದೀವಿ. ಮೇಷ್ಟ್ರು ಮಾಡಿದ್ದು ತಪ್ಪು ಅಂತ ಹೇಳುವ ಪ್ರೇಕ್ಷಕರು ಈಗೀಗ ಸಿಗ್ತಿದ್ದಾರೆ, ಸಂತೋಷ.

ಆದರೂ ಪುಟ್ಟಣ್ಣ ಜಾತಿಯನ್ನು, ಧರ್ಮವನ್ನು ಮುಚ್ಚಿಡಲಿಲ್ಲ ಅನ್ನೋದನ್ನು ಒಪ್ಪಲೇಬೇಕು. ಅದು ಕಥೆಯ ನಟ್ಟನಡುವೆಯೇ ಇದೆ.

ಎರಡು ದಾರಿ

ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು, ರಾಯದುರ್ಗ ಪಕ್ಕದಲ್ಲೇ ಇದೆ. ತೆಲುಗು ಅಲ್ಲಿ ಅರ್ಧ ಮನೆಮಾತು, ತೆಲುಗು ಸಿನಿಮಾ ಪೂರ್ತಿ ಮನೆಮಾತು. ರೇಷ್ಮೆ ಸೀರೆ ನೇಯುವ ನನ್ನ ಚಿಕ್ಕಮ್ಮನ ಮಗ ಮಗ್ಗದ ಮುಂದೆ ಕೂತೇ ಮೊಬೈಲ್‌ನಲ್ಲಿ ಸಿನಿಮಾ ಹಾಕಿಕೊಂಡಿರ್ತಾನೆ, ಕಿವಿ ಅಲ್ಲಿ, ಕಣ್ಣು ನೂಲಿನಲ್ಲಿ. ಅವನ ಪಟ್ಟಿ ನೋಡಿದರೆ ಇತ್ತೀಚಿನ ಟ್ವಿಸ್ಟ್‌ಗಳು ಎರಡು ದಾರಿ ಹಿಡಿದಿರೋದು ಕಾಣುತ್ತೆ.

ಒಂದರಲ್ಲಿ ಅಪರಾಧಿ ಮನೆಯವರು. 2021ರ ‘ಉಪ್ಪೆನ’ದಲ್ಲಿ ಮೀನುಗಾರರ ಹುಡುಗ ಮತ್ತು ಊರ ದೊಡ್ಡಮನುಷ್ಯನ ಮಗಳು ಓಡಿಹೋಗ್ತಾರೆ. ಅವಳಪ್ಪ ಅವನ ಪುರುಷತ್ವವನ್ನೇ ಕತ್ತರಿಸಿದ್ದ ಅನ್ನೋದು ಕೊನೆಯಲ್ಲಿ ಗೊತ್ತಾಗುತ್ತೆ. ಗಂಡಸುತನ ಅಂದ್ರೆ ಅದಲ್ಲ ಅಂತ ಅಪ್ಪನ ಮುಖಕ್ಕೇ ಹೇಳಿ ಹುಡುಗಿ ಅವನ ಬಳಿಗೆ ಹೋಗ್ತಾಳೆ.

ಇನ್ನೊಂದರಲ್ಲಿ ಅಪರಾಧಿ ಹುಡುಗಿ. 2018ರ ‘ಆರ್‌ಎಕ್ಸ್ 100’ರಲ್ಲಿ ಅವಳಪ್ಪನೇ ಖಳ ಅಂತ ಅರ್ಧ ಸಿನಿಮಾ ನಂಬಿಸಿ, ಆಮೇಲೆ ಅವಳು ಪ್ರೀತಿಸಿಯೇ ಇರಲಿಲ್ಲ, ಬರೀ ಬಳಸಿಕೊಂಡಿದ್ದಳು ಅಂತ ಬಯಲು ಮಾಡ್ತಾರೆ. 2023ರ ‘ಬೇಬಿ’ಯಲ್ಲಿ ಬಸ್ತಿಯ ಹುಡುಗಿ ಇಂಜಿನಿಯರಿಂಗ್ ಕಾಲೇಜು ಸೇರಿದ ಮೇಲೆ ಆಟೋ ಓಡಿಸುವ ಪ್ರೇಮಿಗೆ ಮೋಸ ಆಗುತ್ತೆ. ಇದರ ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿಯೂ ಬಂತು. ಕಟ್ಟಿರುವ ರೀತಿ ಗಟ್ಟಿಯಾಗಿದೆ, ಅದನ್ನು ಅಲ್ಲಗಳೆಯಲ್ಲ. ನನ್ನ ತಕರಾರು ಅದರ ಲೆಕ್ಕದ ಬಗ್ಗೆ. ಹುಡುಗಿ ಕಾಲೇಜಿಗೆ ಹೋದಳು, ಕೈಗೆ ಫೋನ್ ಬಂತು, ಕೆಟ್ಟಳು. ನನ್ನ ಸೆಕ್ಷನ್ನಿನ ಆ ಹುಡುಗಿಯ ಅಪ್ಪನೂ ಇದೇ ಲೆಕ್ಕ ಹಾಕಿದ್ದ, ಅವನಿಗೆ ಯಾವ ಸಿನಿಮಾನೂ ಬೇಕಾಗಿರಲಿಲ್ಲ.

ಈ ಎರಡನೇ ದಾರಿ ಹುಡುಗರಿಗೆ ಯಾಕೆ ಅಷ್ಟು ಹಿಡಿಸುತ್ತೆ ಅಂತ ತಮ್ಮನನ್ನೇ ಕೇಳಿದೆ. ‘ಅಣ್ಣಾ, ಮನೇರು ಬೇಡ ಅಂದ್ರೆ ಯಾರ್ ಮೇಲೆ ಸಿಟ್ ಮಾಡ್ಕೊಳ್ಳಾದು? ದೊಡ್ಡೋರು. ಹುಡ್ಗಿ ಮೋಸ ಮಾಡಿದ್ಲು ಅಂದ್ರೆ ಸಿಟ್ ಮಾಡ್ಕೊಬೋದು’ ಅಂದ. ತಮಾಷೆಗೆ ಹೇಳಿದ್ದಲ್ಲ. ದಿನಗೂಲಿ, ಸಾಲ, ಜಾತಿ, ಇವುಗಳ ಎದುರು ಸೋತ ಹುಡುಗನಿಗೆ ಆ ಸೋಲಿಗೊಂದು ಮುಖ ಬೇಕು. ಕೈಗೆ ಸುಲಭವಾಗಿ ಸಿಗುವ ಮುಖ ಅವಳದ್ದು.

ಶಬ್ದ ನಿಲ್ಲಿಸಿದ ಸಿನಿಮಾ

2016ರ ಮರಾಠಿ ‘ಸೈರಾಟ್’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ನಾಗರಾಜ ಮಂಜುಳೆ ಜಾತಿಯನ್ನು ಮೊದಲಿನಿಂದಲೇ ತೋರಿಸ್ತಾರೆ. ಆರ್ಚಿ ಪಾಟೀಲರ ಮನೆ ಮಗಳು, ಪರಶ್ಯಾ ಮೀನು ಹಿಡಿಯುವವರ ಮಗ. ಮುಚ್ಚಿಟ್ಟಿದ್ದು ಏನೂ ಇಲ್ಲ. ಆದರೂ ಕೊನೆ ನಮ್ಮನ್ನು ಯಾಕೆ ಅಷ್ಟು ಅಲ್ಲಾಡಿಸಿತು? ಹೈದರಾಬಾದಿಗೆ ಓಡಿಹೋದ ಜೋಡಿ ಅಲ್ಲಿ ಜಗಳ ಆಡುತ್ತೆ, ದುಡಿಯುತ್ತೆ, ಮಗು ಆಗುತ್ತೆ, ವರ್ಷಗಳು ಕಳೆಯುತ್ತವೆ. ಪ್ರೇಕ್ಷಕ ಇನ್ನೇನೂ ಆಗಲ್ಲ ಅಂತ ನಿರಾಳ ಆಗ್ತಾನೆ. ಆಗ ತವರಿನಿಂದ ಉಡುಗೊರೆ ಹಿಡಿದು ಅಣ್ಣ ಬರ್ತಾನೆ. ಅಷ್ಟು ಹೊತ್ತು ಅಜಯ್-ಅತುಲ್ ಹಾಡುಗಳಿಂದ ತುಂಬಿದ್ದ ಸಿನಿಮಾದಲ್ಲಿ ಕೊನೆಗೆ ಸಂಗೀತವೇ ಇಲ್ಲ. ಪಕ್ಕದ ಮನೆಯಿಂದ ಬಂದ ಮಗು ಅಪ್ಪ ಅಮ್ಮನ ರಕ್ತ ತುಳಿದು ಹೆಜ್ಜೆಗುರುತು ಬಿಡ್ತಾ ಹೊರಗೆ ನಡೆಯುತ್ತೆ.

ಇದನ್ನು ಕನ್ನಡಕ್ಕೆ ತಂದಿದ್ದು ‘ಚೆಲುವಿನ ಚಿತ್ತಾರ’ದ ಎಸ್. ನಾರಾಯಣ್ ಅವರೇ, 2017ರ ‘ಮನಸು ಮಲ್ಲಿಗೆ’. ನಾಯಕಿಯೂ ಮೂಲದ ರಿಂಕು ರಾಜಗುರು. ಮೂಲದ ಅಲೆ ಇಲ್ಲಿ ಏಳಲಿಲ್ಲ. 2018ರ ಹಿಂದಿಯ ‘ಧಡಕ್’ ಅಂತೂ ಜಾತಿಯನ್ನು ತೆಳುಮಾಡಿ, ಹುಡುಗಿಯನ್ನು ಬದುಕಿಸಿ, ಗಂಡನನ್ನೂ ಮಗುವನ್ನೂ ಕೊಲ್ಲಿಸಿತು. ಶಾಕ್ ಉಳಿಯಿತು, ಕಾರಣ ಮಾಯವಾಯಿತು.

ಯಾರೂ ತೋರಿಸದ ಟ್ವಿಸ್ಟ್

ನಾನು ನೋಡಿದ ಯಾವ ಪ್ರೇಮಚಿತ್ರದಲ್ಲೂ ಬರದ ಒಂದು ದೃಶ್ಯ ಇದೆ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಮದುವೆ ಆಗಬೇಕಂದ್ರೆ ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅಂಟಿಸ್ತಾರೆ, ಆಕ್ಷೇಪಣೆಗೆ 30 ದಿನ ಕಾಲಾವಕಾಶ. ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರಲ್ಲಿ ಹೆಸರು, ವಿಳಾಸ ಗೋಡೆ ಮೇಲೆ ಒಂದು ತಿಂಗಳು! ಯಾವ ಚಿತ್ರಕಥೆಗಾರನೂ ಇದಕ್ಕಿಂತ ಭಯಂಕರವಾದ ಸಸ್ಪೆನ್ಸ್ ಬರೆಯಲಾರ.

ಇನ್ನೊಂದು ದಾಖಲೆಯೂ ಇದೆ. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂದಿತು. ಬೆದರಿಕೆ ಇರುವ ಜೋಡಿಗಳಿಗೆ ಸುರಕ್ಷಿತ ವಸತಿ, ಜಿಲ್ಲೆಗೊಂದು ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಇರಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಓಡಿಹೋದ ಜೋಡಿ ಇಂಥದ್ದೊಂದು ಸಹಾಯವಾಣಿಗೆ ಫೋನ್ ಮಾಡುವ ದೃಶ್ಯ ಯಾವುದಾದರೂ ಸಿನಿಮಾದಲ್ಲಿ ಇದ್ದರೆ ತಿಳಿಸಿ, ಮೊದಲ ಶೋಗೇ ಹೋಗ್ತೀನಿ.

ಮೊಳಕಾಲ್ಮೂರು ಕಡೆಯ ನನ್ನ ಗೆಳೆಯನೊಬ್ಬ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ. ಊರಲ್ಲಿ ನೋಟಿಸ್ ಹಾಕಿಸುವ ಧೈರ್ಯ ಇರಲಿಲ್ಲ. ಬೆಂಗಳೂರಿನ ಪೀಜಿಯಲ್ಲಿ ಇದ್ದುಕೊಂಡು, ಅಲ್ಲೇ ನೋಟಿಸ್ ಕೊಟ್ಟು, 30 ದಿನ ಎಣಿಸಿದ. ಸಾಕ್ಷಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಈಗ ಅವರಿಗೆ ಮಗಳಿದ್ದಾಳೆ. ಹಬ್ಬಕ್ಕೆ ಅವನ ಮನೆಯವರು ಕರೀತಾರೆ, ಅವಳ ಮನೆಯವರು ಇನ್ನೂ ಕರೆದಿಲ್ಲ. ‘ಸೈರಾಟ್’ ಇಬ್ಬರಿಗೂ ತುಂಬಾ ಇಷ್ಟ. ಟೀವಿಯಲ್ಲಿ ಬಂದಾಗಲೆಲ್ಲ ನೋಡ್ತಾರೆ, ಆರ್ಚಿ-ಪರಶ್ಯಾ ಸ್ಕೂಟರ್ ತಗೊಂಡು ಓಡಾಡೋವರೆಗೂ. ಆಮೇಲೆ ಅವಳು ಎದ್ದುಹೋಗಿ ಟೀವಿ ಆಫ್ ಮಾಡ್ತಾಳೆ.