ಮಕ್ಕಳ ಮರದ ತೊಟ್ಟಿಲು ಮತ್ತು ಮಂಚ: ಗುಣಮಟ್ಟ ಹಾಗೂ ಬೆಲೆಯ ಪರಿಶೀಲನೆ – ಗ್ರಾಹಕರಿಗೆ ಮಾಹಿತಿ

ಅಪ್ಪಟ ತೇಗವೆಂದು ಹೇಳಿ ಮಾರಲಾದ ತೊಟ್ಟಿಲು ಅಥವಾ ಮಂಚದ ಬಗ್ಗೆ ದೂರು ಸಲ್ಲಿಸಬಯಸುವವರಿಗೆ ಎದುರಾಗುವ ಮೊದಲ ತೊಡಕೆಂದರೆ, ಬಿಲ್ಲಿನಲ್ಲಿ "ಫರ್ನಿಚರ್ – 1" ಎಂದಷ್ಟೇ ನಮೂದಾಗಿರುವುದು. ಆದುದರಿಂದ ಮರದ ಹೆಸರು, ಅಳತೆ ಹಾಗೂ ಪ್ಲೈವುಡ್ ಬಳಸಿರುವ ಭಾಗಗಳನ್ನು ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು. ಬಾಯಿಮಾತಿನ ಭರವಸೆಯನ್ನು ಮುಂದೆ ರುಜುವಾತುಪಡಿಸುವುದು ಕಷ್ಟ.

ಮರದ ಪರಿಶೀಲನೆ

ಪಾಲಿಶ್ ಮಾಡಿದ ಮೇಲ್ಮೈಯನ್ನು ನೋಡಿ ನಿರ್ಧರಿಸಬಾರದು. ಹಲಗೆಯ ತುದಿಯನ್ನೂ ತಳಭಾಗವನ್ನೂ ನೋಡಬೇಕು. ಅಪ್ಪಟ ಮರದಲ್ಲಿ ಮೇಲ್ಮೈಯ ಎಳೆಗಳು ತುದಿಯವರೆಗೂ ಮುಂದುವರಿದಿರುತ್ತವೆ. ಪದರಗಳು ಕಂಡುಬಂದಲ್ಲಿ ಅದು ಪ್ಲೈವುಡ್ ಮೇಲೆ ಅಂಟಿಸಿದ ತೆಳು ಹಾಳೆ. ತೇಗದಲ್ಲಿಯೂ ಬಾಳಿಕೆ ಬರುವುದು ಚೇಗು ಮಾತ್ರ. ಹೊರಭಾಗದ ಬಿಳಿಮರಕ್ಕೆ ಹುಳು ಬೇಗ ಬೀಳುತ್ತದೆ. ಅದಕ್ಕೆ ಕಂದು ಬಣ್ಣ ಬಳಿದರೆ ಸಾಮಾನ್ಯರಿಗೆ ವ್ಯತ್ಯಾಸ ತಿಳಿಯದು. ರಬ್ಬರ್ ಮರವೂ ಅಪ್ಪಟ ಮರವೇ ಆಗಿದ್ದು, ಔಷಧೋಪಚಾರ ಮಾಡಿದ್ದಲ್ಲಿ ಕೊಳ್ಳಲು ಅಡ್ಡಿಯಿಲ್ಲ. ಆದರೆ ತೇಗದ ಬೆಲೆ ತೆರಬೇಕಾಗಿಲ್ಲ.

ಸರಿಯಾಗಿ ಒಣಗದ ಹಸಿಮರ ಕೆಲವೇ ತಿಂಗಳಲ್ಲಿ ಕುಗ್ಗಿ, ಕೂಡುಗಳು ಸಡಿಲವಾಗಿ ಕಂಬಿಗಳು ಕಳಚುತ್ತವೆ. ಅಂಗಡಿಯಲ್ಲಿಯೇ ಮಂಚವನ್ನು ಹಿಡಿದು ಅಲುಗಾಡಿಸಿ ನೋಡಲು ಸಂಕೋಚಪಡಬೇಕಾಗಿಲ್ಲ.

ಮಗುವಿನ ಸುರಕ್ಷತೆ

ಎರಡು ಕಂಬಿಗಳ ನಡುವಿನ ಅಂತರ 6 ಸೆಂ.ಮೀ. ಮೀರದಿರುವುದು ಒಳ್ಳೆಯದು, ಹೆಚ್ಚಿದ್ದಲ್ಲಿ ಮಗುವಿನ ದೇಹ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಮಕ್ಕಳು ಅಂಚನ್ನು ಕಚ್ಚುವುದರಿಂದ ಬಣ್ಣದ ಬಗ್ಗೆಯೂ ವಿಚಾರಿಸಬೇಕು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಣ್ಣ ಬಳಿದ ಹಳೆಯ ತೊಟ್ಟಿಲಿಗೆ ಈ ಭರವಸೆ ಇಲ್ಲ.

ಬೆಲೆಯ ಲೆಕ್ಕ

ಮರದ ಅಳತೆ ಘನ ಅಡಿಯಲ್ಲಿ. ಉದ್ದ, ಅಗಲ, ದಪ್ಪಗಳನ್ನು ಅಂಗುಲದಲ್ಲಿ ಗುಣಿಸಿ 1728ರಿಂದ ಭಾಗಿಸಬೇಕು. 48 ಅಂಗುಲ ಉದ್ದ, 6 ಅಂಗುಲ ಅಗಲ, 1 ಅಂಗುಲ ದಪ್ಪದ 6 ಹಲಗೆಗಳು ಸೇರಿದರೆ 1 ಘನ ಅಡಿ. ಈ ಲೆಕ್ಕವನ್ನು ಸ್ಥಳೀಯ ಮರದ ಅಡ್ಡೆಯ ದರದೊಂದಿಗೆ ತಾಳೆ ನೋಡಿ, ಕತ್ತರಿಸುವಾಗ ಆಗುವ ನಷ್ಟ ಹಾಗೂ ಕೂಲಿಯನ್ನು ಸೇರಿಸಿದಲ್ಲಿ ಕೇಳಿದ ಬೆಲೆ ನ್ಯಾಯವೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಮಾತ್ರ ಈ ಅಳತೆ ಸಾಲದು. ಅಲ್ಲಿ ಚಿತ್ರಗಾರರ ಕೈಕೆಲಸಕ್ಕೂ ಬೆಲೆ ಸಲ್ಲುತ್ತದೆ.

ದೂರು ಸಲ್ಲಿಸುವ ವಿಧಾನ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. "ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇವೆ" ಎಂಬ ಮಾತಿಗೆ ಒಪ್ಪಿದವರು ಉಳಿಸಿದ ಹಣಕ್ಕಿಂತ ಹೆಚ್ಚನ್ನು ಕಳೆದುಕೊಂಡಾರು. ಮರದ ಜಾತಿಯ ಬಗ್ಗೆ ಸಂಶಯವಿದ್ದಲ್ಲಿ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಪಾವತಿಸಿ ಪರೀಕ್ಷಿಸಿಕೊಳ್ಳಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ, ವ್ಯಾಜ್ಯ ಕಾರಣ ಉಂಟಾದ 2 ವರ್ಷಗಳೊಳಗೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಬಿಲ್ಲಿನ ಪ್ರತಿ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಬೇಕು. ಆಯೋಗವು ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದಾದ್ದರಿಂದ, ದೂರು ಇತ್ಯರ್ಥವಾಗುವವರೆಗೆ ಅದನ್ನು ದುರಸ್ತಿ ಮಾಡಿಸುವುದಾಗಲೀ ಮರುಪಾಲಿಶ್ ಮಾಡಿಸುವುದಾಗಲೀ ಕೂಡದು.