ಬಿಸಿಲಿಗೆ ಬಟ್ಟೆ, ಬಟ್ಟೆಗೆ ನೆರಳು

ಕುಮಟಾ ತಾಲೂಕಿನ ಸಂತೆಗುಳಿಯ ಕಡೆ ತೋಟಗದ್ದೆಗಳಲ್ಲಿ ದುಡಿಯುವವರ ತಲೆಗೊಪ್ಪುವ ಹಾಳೆಟೊಪ್ಪಿಯನ್ನು ನೀವು ಬಲ್ಲಿರಿ. ಅಡಿಕೆಯ ಹಾಳೆಯನ್ನು ನೆನೆಸಿ, ಮಡಿಸಿ, ಹೊಲಿದರೆ ಮುಗಿಯಿತು. ಅದಕ್ಕೆ ಒಗೆತದ ಗೋಜಿಲ್ಲ. ಹಳತಾದರೆ ಬಚ್ಚಲೊಲೆಗೆ ಹಾಕಿದರಾಯಿತು. ಕಷ್ಟವಿರುವುದು ಟೊಪ್ಪಿಯ ಕೆಳಗಿನ ಬಟ್ಟೆಯದು. ಬಿಸಿಲನ್ನು ತಡೆಯುವ ಬಟ್ಟೆಯನ್ನು ಬಿಸಿಲೇ ಸವೆಸುತ್ತದೆ. ಒಗೆತ ತಪ್ಪಿದರೆ ಇನ್ನೂ ಬೇಗ ಸವೆಯುತ್ತದೆ.

ನಮ್ಮ ಹಿರಿಯರ ಒಗೆತದಲ್ಲಿ ಬಿಳಿಗೂ ಬಣ್ಣಕ್ಕೂ ಬೇರೆ ಬೇರೆ ದಾರಿ. ಬಿಳಿಬಟ್ಟೆಯನ್ನು ಮಡಿವಾಳರು ಸವಳುಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಕಲ್ಲಿನ ಮೇಲೆ ಒಗೆದು ಬಿಸಿಲಿಗೆ ಹರವುತ್ತಿದ್ದರು. ಬಣ್ಣದ್ದಕ್ಕೆ ಅಂಟುವಾಳದ ನೊರೆ, ತಣ್ಣೀರು, ನೆರಳು. ಕಂಬಳಿಯ ಮಾತೇ ಬೇರೆ. ಕುರುಬರು ನೇಯುವ ಕರಿಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ. ಅದರ ಬಿಗಿಯೂ ಬಿರುಸೂ ಅದರಿಂದಲೇ. ಬಿಸಿನೀರಿನಲ್ಲಿ ತಿಕ್ಕಿದವನು ಗಂಜಿಯನ್ನು ಕಳೆದುಕೊಂಡು ಮುದ್ದೆಗಟ್ಟಿದ ಉಣ್ಣೆಯನ್ನು ಹೊದೆಯಬೇಕಾದೀತು.

ಗಂಜಿಯ ಮಾತು ಬಂದಾಗ ಕುಮಟೆಯ ಬಂದರನ್ನು ನೆನೆಯಲೇಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದುರ್ಲಭವಾಯಿತು. ಧಾರವಾಡದ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಆದರೆ ಭಾರತದ ಹತ್ತಿಯ ಎಳೆ ಗಿಡ್ಡ, ನೂಲು ಮಗ್ಗದಲ್ಲಿ ಹರಿಯುತ್ತಿತ್ತು. ಗಿರಣಿಯವರು ಗಂಜಿಯಲ್ಲಿ ಚೀನಾಮಣ್ಣನ್ನು ಧಾರಾಳವಾಗಿ ಬೆರೆಸಿ ಹಾಸುನೂಲಿಗೆ ಬಳಿಯತೊಡಗಿದರು. ತೂಕವೂ ಬಂತು, ದಪ್ಪವೂ ಕಂಡಿತು. ಯುದ್ಧ ಮುಗಿದರೂ ಚಾಳಿ ಬಿಡಲಿಲ್ಲ. ಅಂಗಡಿಯಲ್ಲಿ ದಟ್ಟವಾಗಿ ಕಂಡ ಇಂಥ ಬಟ್ಟೆ ಒಗೆದಾಗ ಮಣ್ಣನ್ನು ನೀರಿಗೆ ಬಿಟ್ಟು ಜಾಳಾಗುತ್ತಿತ್ತು. ಅದನ್ನು ಕೊಂಡ ಬಡವನ ಬೆನ್ನಿಗೆ ಬಿಸಿಲು ತಾಗಿದರೆ ತಪ್ಪು ಮಡಿವಾಳನದೆ?

ಬಣ್ಣಕ್ಕೂ ಇಂಥದೇ ಪಾಡು. ಮಂಗಳೂರಿನಲ್ಲಿ 1851ರಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ನೇಯ್ಗೆಯ ಕಾರ್ಖಾನೆ ಖಾಕಿ ಬಟ್ಟೆಗೆ ಹೆಸರಾಯಿತು. ಆದರೆ ದಂಡಿನವರ ಖಾಕಿ ಬಹುಕಾಲ ಒಗೆತಕ್ಕೆ ನಿಲ್ಲದೆ, ಒಬ್ಬೊಬ್ಬನ ಮೈಮೇಲೆ ಒಂದೊಂದು ಛಾಯೆ ತಳೆಯುತ್ತಿತ್ತು. ಬಣ್ಣ ಬಿಡದ ಖಾಕಿಗೆ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತದ್ದು 1884ರಲ್ಲಿ.

ಬಿಸಿಲು ತಡೆಯುವ ಬಟ್ಟೆಗೆ ಅಳತೆ ಹುಟ್ಟಿದ್ದು ತೀರ ಈಚೆಗೆ. ಆಸ್ಟ್ರೇಲಿಯವೂ ನ್ಯೂಜಿಲೆಂಡೂ ಕೂಡಿ 1996ರಲ್ಲಿ ಒಂದು ಮಾನಕವನ್ನು ಗೊತ್ತುಮಾಡಿದವು. ಅದರಂತೆ 50 ಅಂಕಿಯ ಬಟ್ಟೆ ಚರ್ಮ ಸುಡುವ ನೇರಳಾತೀತ ಕಿರಣದ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಒಳಬಿಡುತ್ತದೆ. ಹೊಸ ಹತ್ತಿಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ಕುಗ್ಗಿ, ಎಳೆಗಳ ನಡುವಿನ ಕಿಂಡಿ ಕಿರಿದಾಗಿ, ಮುಂಚಿಗಿಂತ ಹೆಚ್ಚೇ ಕಾಯುತ್ತದೆ. ಮಣ್ಣು ಮೆತ್ತಿದ ಬಟ್ಟೆಗೆ ಇದು ತೀರ ವಿರುದ್ಧ, ನೋಡಿ! ಇಂಥದಕ್ಕೆ ಬ್ಲೀಚಿಂಗ್ ಪುಡಿ ಬೇಡ. ಹಿಗ್ಗುವ ಜಾತಿಯ ಬಟ್ಟೆಯನ್ನು ತಿರುಚಿ ಹಿಂಡದೆ ಒತ್ತಿ ನೀರಿಳಿಸಿ, ಒಳಮೈ ಹೊರಗೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಅರೆ ಒಣಗಿದ್ದನ್ನು ತೊಟ್ಟು ಗದ್ದೆಗೆ ಇಳಿಯಬೇಡಿ. ಒದ್ದೆ ಹತ್ತಿಬಟ್ಟೆಯಲ್ಲಿ ಬಿಸಿಲು ಹೆಚ್ಚಾಗಿ ನುಸುಳುತ್ತದೆ.

ಜಡಿಮಳೆ ಹಿಡಿದಾಗ ಏನು ಮಾಡೋಣ ಎನ್ನುವಿರೋ? ಬಚ್ಚಲೊಲೆಯ ಮೇಲಿನ ಹಗ್ಗವೇ ಗತಿ. ಹೊಗೆಯ ವಾಸನೆ ಎರಡು ದಿನ ಬಿಡದು, ಅಷ್ಟೆ.